ಪಿಯುಸಿಯ ಜಾಗ

ಕಚೇರಿಯ ಹೊಸ ಸಾಫ್ಟ್‌ವೇರನ್ನು ಈಗ ನೇರ ನಮ್ಮ ತಲೆಗೇ ತುಂಬುತ್ತಾರೆ. ಅದಕ್ಕೆ ಎರಡು ವರ್ಷದ ನೆನಪು ಖಾಲಿ ಮಾಡಬೇಕು.

“ಎಲ್ರೂ ಪಿಯುಸಿ ಕೊಟ್ಬಿಡಿ,” ಎಂದರು ತರಬೇತಿಯ ಲೋಹಿತ್ ಸರ್.

“ತಗೊಳ್ಳಿ ಸಾರ್, ಕೆಮಿಸ್ಟ್ರಿ ಹೋದ್ರೆ ಪೀಡೆ ಹೋಯ್ತು!” ಎಂದು ವಾರಿಜಕ್ಕ ನಕ್ಕರು.

ನಾನು ಓದಿದ್ದು ಎಂಟನೇ ಕ್ಲಾಸು. ಅರ್ಜಿಯಲ್ಲಿ ಪಿಯುಸಿ ಎಂದು ಬರೆದಿದ್ದೆ. ಅಷ್ಟು ಜನರೆದುರು ನಿಜ ಹೇಳಲು ನಾಚಿಕೆಯಾಗಿ, ಶಾಲೆ ಬಿಟ್ಟು, ಹಾಸಿಗೆ ಹಿಡಿದ ಅಪ್ಪನನ್ನು ನೋಡಿಕೊಂಡ ಎರಡು ವರ್ಷವನ್ನು ಕೊಟ್ಟೆ.

ಸಂಜೆ ಅಮ್ಮ ಅಪ್ಪನ ತಿಥಿಗೆ ಅಕ್ಕಿ ಆರಿಸುತ್ತ, ಪ್ರತಿವರ್ಷದಂತೆ ಕೇಳಿದಳು: “ಕೊನೇ ಗಳಿಗೇಲಿ ಹತ್ರ ಇದ್ದೋಳು ನೀನೇ. ಅಪ್ಪ ಏನಂದ್ರು, ಇನ್ನೊಂದ್ಸಲ ಹೇಳೇ.”

“ಅಮ್ಮನ್ನ ಚೆನ್ನಾಗಿ ನೋಡ್ಕೋ ಅಂದ್ರಮ್ಮ.”

ಅಮ್ಮನ ಕೈ ಮೊರದಲ್ಲೇ ನಿಂತಿತು.

“ಪ್ರತೀ ಸಲ ಅಪ್ಪ ಹೇಳಿದ್ದು ನಿನ್ ವಿಷ್ಯ ಅಂತಿದ್ಯಲ್ಲೇ?”