ಹೊಳೆಯಾಚೆಯ ಹಾಲುಗುಡ್ಡ

“ಎರಡೂ ಮನೆಯವರ ಮೂಲ ಕಾಡೊಳಗಿನ ಹಾಲುಗುಡ್ಡ. ಅಲ್ಲಿಯವರೆಲ್ಲ ಒಂದೇ ಬೆಡಗು, ಒಂದೇ ವಂಶ. ಅಣ್ಣ-ತಂಗಿಗೆ ಮದ್ವೆ ಮಾಡೋದಾ?” ದೊಡ್ಡಪ್ಪ ಟವೆಲ್ ಕೊಡವಿ ಎದ್ದರು.

ಮೆಚ್ಚಿದ ಹುಡುಗ ಕೈತಪ್ಪುತ್ತಿದ್ದರೆ ಸುಮ್ಮನೆ ಕೂರುವವಳಲ್ಲ ದಾಕ್ಷಾಯಿಣಿ. ಸರ್ವೆ ಕೆಲಸದಲ್ಲಿದ್ದ ತಾತನ ಟ್ರಂಕಿನಿಂದ ಹಳೆಯ ನಕ್ಷೆ ತಂದು ಹರವಿದಳು. “ನೋಡಿ ದೊಡ್ಡಪ್ಪ, ಹೊಳೆ ಈಚೆ ಒಂದು ಹಾಲುಗುಡ್ಡ, ಆಚೆ ಇನ್ನೊಂದು. ಅವರು ಆಚೆಯವರು!”

ದೊಡ್ಡಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಸರ್ಕಾರಿ ನಕ್ಷೇಲೇ ಇದ್ಮೇಲೆ ನಂದೇನಿದೆ? ಸಕ್ಕರೆ ತಗೊಂಬಾರಮ್ಮ!”

ದಾಕ್ಷಾಯಿಣಿ ಅಡುಗೆಮನೆಗೆ ಓಡಿ ಅಜ್ಜಿಯನ್ನು ತಬ್ಬಿಕೊಂಡಳು. ಅಜ್ಜಿ ಸಕ್ಕರೆ ಡಬ್ಬ ಕೈಗಿಟ್ಟು ಕಿವಿಯಲ್ಲಿ ಪಿಸುಗುಟ್ಟಿದಳು:

“ಇರೋದು ಒಂದೇ ಹಾಲುಗುಡ್ಡ ಕಣೇ. ಆಚೇದನ್ನ ನಿಮ್ಮ ತಾತ ಬರೆದಿದ್ದು, ನನ್ನನ್ನ ಮದ್ವೆ ಆಗೋಕೆ.”