ಮೇಸ್ತ್ರಿ ಮಾತಾಡಲಿಲ್ಲ

"ಒಳಗೆ ಹೋದ ಮೇಲೆ ನಿಮ್ಮ ಬಾಯಿಂದ ಒಂದೇ ಒಂದು ಮಾತು ಬಂದರೂ ನಾನು ಇಲ್ಲಿಂದಲೇ ನಮ್ಮಕ್ಕನ ಮನೆಗೆ ಹೊರಟೆ ಅಂತ ತಿಳ್ಕೊಳ್ಳಿ," ಎಂದಳು ಹೆಂಡತಿ, ಗೇಟಿಗೆ ಅಡ್ಡ ನಿಂತು. ಟೈಲ್ಸ್ ಮೇಸ್ತ್ರಿ ಸುಮ್ಮನೆ ತಲೆಯಾಡಿಸಿದ.

"ಹ್ಞೂಂ ಅನ್ನಿ."

"ಮಾತಾಡಬೇಡ ಅಂದ್ಯಲ್ಲೇ?"

"ಇನ್ನೂ ಒಳಗೆ ಹೋಗಿಲ್ಲ, ರೀ!"

ಪಾಪ, ಅವಳ ಸಿಟ್ಟು ಸುಳ್ಳಲ್ಲ. ಎರಡು ವರ್ಷದಲ್ಲಿ ಆರು ಮನೆ ನೋಡಿದ್ದರು, ಆರೂ ಕೈ ತಪ್ಪಿದ್ದವು. ಹುಳುಕು ತೋರಿಸಿದರೆ ಬೆಲೆ ಇಳಿಯುತ್ತದೆ ಎಂದು ಮೇಸ್ತ್ರಿಯ ಲೆಕ್ಕಾಚಾರ. ಹೋದ ಕಡೆಯಲ್ಲೆಲ್ಲ ಟೈಲ್ಸಿನ ಕೆಳಗೆ ಟೊಳ್ಳಿದೆಯೋ ಎಂದು ಬೆರಳ ಗೆಣ್ಣಿನಿಂದ ತಟ್ಟುವುದು, ಬಚ್ಚಲಿಗೆ ಒಂದು ಚೊಂಬು ನೀರು ಸುರಿದು ಅದು ಯಾವ ಕಡೆ ಓಡುತ್ತದೆಂದು ಕೂತು ನೋಡುವುದು, ಆಮೇಲೆ ಇದ್ದಬದ್ದ ದೋಷವನ್ನೆಲ್ಲ ಊರಿಗೇ ಕೇಳುವಂತೆ ಒಪ್ಪಿಸುವುದು. ಪಕ್ಕದಲ್ಲಿದ್ದ ಬ್ರೋಕರ್ ಮಹಾಶಯ ಅದನ್ನೆಲ್ಲ ಬರೆದುಕೊಂಡು ಮನೆ ಮಾರುವವರ ಕೈಗೆ ಕೊಡುತ್ತಿದ್ದ. ಅವರು ಹದಿನೈದು ದಿನದಲ್ಲಿ ಎಲ್ಲ ರಿಪೇರಿ ಮಾಡಿಸಿ, ರೇಟು ಏರಿಸಿ, ಬೇರೆಯವರಿಗೆ ಮಾರಿಬಿಡುತ್ತಿದ್ದರು. ತನ್ನ ಗಂಡ ಬಿಟ್ಟಿ ಇಂಜಿನಿಯರ್ ಆಗಿಬಿಟ್ಟಿದ್ದಾನೆಂದು ಅವಳಿಗೆ ಹೊಳೆದದ್ದು ಮೊನ್ನೆ ಮೊನ್ನೆ. ಈ ನಡುವೆ ಮನೆಗಳ ರೇಟು ಒಂದು ತಿಂಗಳು ಏರುತ್ತಿತ್ತು, ಇನ್ನೊಂದು ತಿಂಗಳು ಇಳಿಯುತ್ತಿತ್ತು. ಬ್ಯಾಂಕಿನವರು ಒಪ್ಪಿದ್ದ ಸಾಲದ ಗಡುವು ಈ ವಾರಕ್ಕೆ ಮುಗಿಯುತ್ತಿತ್ತು. ಈ ಮನೆಗೆ ಹೇಳಿದ ಬೆಲೆ ಅವರ ಕೈಗೆಟಕುವುದಕ್ಕಿಂತ ಎರಡು ಲಕ್ಷ ಜಾಸ್ತಿ. ಇದೂ ತಪ್ಪಿದರೆ ಬಾಡಿಗೆ ಮನೆಯೇ ಗತಿ.

ಮನೆಯೊಡತಿ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು, ಎಲ್ಲರ ಬಾಯಲ್ಲೂ ಸಿಸ್ಟರಮ್ಮ. ಅವರ ಹಿಂದೆ ಬ್ರೋಕರ್, ಪೆನ್ನಿನ ಮುಚ್ಚಳ ತೆಗೆದುಕೊಂಡು ತಯಾರಾಗಿಯೇ ನಿಂತಿದ್ದ. ಮೇಸ್ತ್ರಿ ಬಚ್ಚಲಿಗೆ ಹೋದ, ನೀರು ಸುರಿದ, ನೋಡಿದ, ತುಟಿ ಪಿಟಕ್ಕೆನ್ನದೆ ಬಂದ. ಅಡುಗೆಮನೆಯ ಕಿಟಕಿ ಅಲ್ಲಾಡಿಸಿದ, ಹಲ್ಲು ಕಚ್ಚಿಕೊಂಡು ಬಂದ. ಆಮೇಲೆ ನಡುಮನೆಯಲ್ಲಿ ಮೊಣಕಾಲೂರಿ ನೆಲ ತಟ್ಟತೊಡಗಿದ. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಟ್ಟಿದ. ಕೋಣೆಗೆ ಹೋಗಿ ತಟ್ಟಿದ. ತಿರುಗಿ ನಡುಮನೆಗೆ ಬಂದು ನೆಲಕ್ಕೆ ಕಿವಿಯಿಟ್ಟು ತಟ್ಟಿದ. ಅವನ ಕಣ್ಣು ಇಷ್ಟಗಲವಾಯಿತು. ಬಾಯಿ ತೆರೆದ. ಹೆಂಡತಿ ಕೆಮ್ಮಿದಳು. ಬಾಯಿ ಮುಚ್ಚಿ, ತಲೆಯ ಮೇಲೆ ಕೈಹೊತ್ತು ಅಲ್ಲೇ ಕೂತುಬಿಟ್ಟ.

"ಏನ್ ಮೇಸ್ತ್ರಿಗಳೇ, ಬರ್ಕೊಳ್ಳಲಾ?" ಎಂದ ಬ್ರೋಕರ್. ಮೇಸ್ತ್ರಿ ಹೆಂಡತಿಯ ಮುಖ ನೋಡಿದ.

ಸಿಸ್ಟರಮ್ಮನ ಮುಖ ಬಿಳಿಚಿಕೊಂಡಿತು. "ಏನಮ್ಮಾ, ನಿಮ್ಮ ಯಜಮಾನರು ಯಾಕೆ ಮಾತೇ ಆಡ್ತಿಲ್ಲ? ಡಾಕ್ಟರು ರಿಪೋರ್ಟ್ ನೋಡಿ ಹೀಗೆ ಸುಮ್ಮನೆ ಕೂತರೆ ಏನರ್ಥ ಅಂತ ನನಗೆ ಗೊತ್ತು, ಮೂವತ್ತು ವರ್ಷ ನೋಡಿದೀನಿ. ಹೋದ ತಿಂಗಳೂ ಇಬ್ಬರು ಬಂದು ಮಾತಾಡಿ ಕೈಯೆತ್ತಿದರು. ಬೇಡಮ್ಮಾ, ಎರಡು ಲಕ್ಷ ಬಿಡ್ತೀನಿ. ತಗೊಂಡುಬಿಡಿ."

ಬ್ರೋಕರನ ಪೆನ್ನು ಕೆಳಗೆ ಬಿತ್ತು. ಹೆಂಡತಿಗೆ ನಿಂತಲ್ಲೇ ಕುಣಿಯುವಷ್ಟು ಖುಷಿ. ಆದರೆ ಸಿಸ್ಟರಮ್ಮ ಸೂರನ್ನೂ ಗೋಡೆಯನ್ನೂ ದಿಗಿಲಿನಿಂದ ನೋಡುತ್ತಿದ್ದುದು ಕಂಡು ಅವಳಿಗೆ ಪಾಪ ಅನ್ನಿಸಿತು. ಮನೆ ಖಾಲಿ ಮಾಡುವವರೆಗೆ ಈ ಹೆಂಗಸು ಇದೇ ಸೂರಿನ ಕೆಳಗೆ ಮಲಗಬೇಕಲ್ಲ!

"ರೀ, ಹೇಳ್ಬಿಡಿ. ಏನೇನಿದೆಯೋ ಎಲ್ಲ ಹೇಳಿ. ನಾನೇನೂ ಅನ್ನಲ್ಲ."

ಕಟ್ಟೆ ಒಡೆಯಿತು. ಬಚ್ಚಲ ನೀರು ಬಾಗಿಲ ಕಡೆ ಬರ್ತದೆ, ಕಿಟಕಿ ಚೌಕಟ್ಟು ಒಂದು ಬೆರಳು ವಾಲಿದೆ, ಟ್ಯಾಂಕಿನ ಪೈಪು ಜಿನುಗ್ತಿದೆ, ಹಿಂದಿನ ಗೋಡೆ ತೇವ ಎಳ್ಕೊಂಡಿದೆ ಎಂದು ಮೇಸ್ತ್ರಿ ಉಸಿರು ಬಿಡದೆ ಒಪ್ಪಿಸಿದ.

"ಇಷ್ಟೇನಾ?" ಸಿಸ್ಟರಮ್ಮ ಕುರ್ಚಿಗೊರಗಿ ನಕ್ಕರು. "ಅಯ್ಯೋ, ಇದೆಲ್ಲ ನನಗೆ ಗೊತ್ತಿರೋದೇ! ನಾನು ಪಾಯವೇ ಕುಸಿದಿದೆ ಅಂದ್ಕೊಂಡಿದ್ದೆ."

"ಹಾಗಾದ್ರೆ ಸಿಸ್ಟರಮ್ಮ, ರೇಟು ಹಳೇದೇ..." ಎಂದು ಬ್ರೋಕರ್ ರಾಗ ಎಳೆದ.

"ನೀನು ಸುಮ್ಮನಿರಪ್ಪ. ಬರೋ ತಿಂಗಳು ರೇಟು ಏರುತ್ತೋ ಬೀಳುತ್ತೋ ಯಾರು ಕಂಡಿದ್ದಾರೆ? ಇದ್ದದ್ದನ್ನ ಇದ್ದಹಾಗೆ ಹೇಳೋರು ಸಿಕ್ಕಿದ್ದಾರೆ, ಆಡಿದ ಮಾತು ಆಡಿದ್ದೇ. ನಾಳೆ ಮುಂಗಡ ತನ್ನಿ." ಅವರ ಮುಖಕ್ಕೆ ಬಣ್ಣ ತಿರುಗಿ ಬಂದಿತ್ತು. ಎಲ್ಲರಿಗೂ ಕಾಫಿ ಇಡಲು ಒಳಗೆ ಹೋದರು.

ಕಾಫಿ ಕುಡಿದು, ಗೇಟು ದಾಟಿ ರಸ್ತೆಗೆ ಬಂದಾಗ ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ. ಯಾವ ಕೋಣೆಯಲ್ಲಿ ಮಂಚ, ಯಾವ ಕಿಟಕಿಯ ಹತ್ತಿರ ತನ್ನ ಹೊಲಿಗೆ ಯಂತ್ರ ಎಂದು ದಾರಿಯುದ್ದಕ್ಕೂ ಒಂದೇ ಸಮನೆ ಮಾತು. ಮೇಸ್ತ್ರಿ ಮಾತ್ರ ಎರಡೂ ಕೈ ಹಿಂದೆ ಕಟ್ಟಿಕೊಂಡು ಗಂಭೀರವಾಗಿ ನಡೆಯುತ್ತಿದ್ದ.

"ಇನ್ನೂ ಯಾಕೆ ಮೌನ? ಈಗ ಎಷ್ಟು ಬೇಕಾದ್ರೂ ಮಾತಾಡಿ."

"ಅಲ್ಲಿ ಒಂದನ್ನ ಹೇಳದೆ ಬಿಟ್ಟೆ ಕಣೇ."

ಅವಳು ಅವನ ತೋಳು ಹಿಡಿದಳು. "ಏನ್ರೀ ಅದು?"

"ನೆಲ."

"ನೆಲಕ್ಕೇನಾಗಿದೆ?"

ಮೇಸ್ತ್ರಿ ನಿಂತ. ಹಿಂದೆ ಬ್ರೋಕರ್ ಬರುತ್ತಿದ್ದಾನೋ ಎಂದು ತಿರುಗಿ ನೋಡಿ, ಅವಳ ಕಿವಿಯ ಹತ್ತಿರ ಬಗ್ಗಿದ.

"ಅಷ್ಟೂ ಮನೆ ತಟ್ಟಿದೆ, ಎಲ್ಲೂ ಒಂದು ಟೊಳ್ಳು ಸದ್ದಿಲ್ಲ. ಇಪ್ಪತ್ತೆರಡು ವರ್ಷದಿಂದ ಕಂಡೋರ ಮನೆಗೆಲ್ಲ ನೆಲ ಹಾಕ್ತಿದೀನಿ. ಇಂಥ ನೆಲ ನಾನು ಇವತ್ತಿನವರೆಗೂ ಒಂದೂ ಹಾಕಿಲ್ಲ."