ಕೊನೆಯ ನಮಸ್ಕಾರ

ಮ್ಯಾನ್‌ಹೋಲ್‌ಗೆ ಇಳಿದು ಉಸಿರುಗಟ್ಟಿ ಸತ್ತ ಮಾರೇಶನ ಕಥೆಯನ್ನು ಒಂದು ಪುಟ್ಟ ನಾಟಕ ತಂಡ ಊರೂರಿನ ಸಮುದಾಯ ಭವನಗಳಲ್ಲಿ ಆಡುತ್ತಿತ್ತು. ಮಾರೇಶನ ತಾಯಿ ಒಂದು ಪ್ರದರ್ಶನವನ್ನೂ ತಪ್ಪಿಸುತ್ತಿರಲಿಲ್ಲ. ಬಸ್ಸು ಹಿಡಿದು ಬಂದು, ಎಲ್ಲರಿಗಿಂತ ಮುಂದೆ ಜಮಖಾನದ ಮೇಲೆ ಕೂರುತ್ತಿದ್ದರು.

ಅಂದು ಬಣ್ಣ ಹಚ್ಚಿಕೊಳ್ಳುವಾಗ ನಿರ್ದೇಶಕ ಮಾರೇಶನ ಪಾತ್ರಧಾರಿಗೆ ಹೇಳಿದ:

"ಇವತ್ತಿಂದ ಕೊನೇಲಿ ನೀನು ಎದ್ದು ಬಂದು ಕೈ ಮುಗಿಯೋದು ಬೇಡ. ಎಲ್ಲರೂ ಹೊರಗೆ ಹೋಗೋವರೆಗೂ ಹೆಣವಾಗೇ ಬಿದ್ದಿರು. ಜನ ಚಪ್ಪಾಳೆ ತಟ್ಟಿ, ಹಗುರಾಗಿ ಮನೆಗೆ ಹೋಗಬಾರದು."

ಹಾಗೇ ಆಯಿತು. ಒಂದು ಚಪ್ಪಾಳೆಯೂ ಕೇಳಲಿಲ್ಲ. ಜನ ತಲೆ ತಗ್ಗಿಸಿಕೊಂಡು ಎದ್ದು ಹೋದರು. ನಾಟಕ ಗೆದ್ದಿತು ಎಂದುಕೊಂಡ ನಿರ್ದೇಶಕ.

ಆ ತಾಯಿ ಮಾತ್ರ ಕೂತಲ್ಲೇ ಕೂತಿದ್ದರು. ನಟನೂ ಬಿದ್ದಲ್ಲೇ ಬಿದ್ದಿದ್ದ. ನಿರ್ದೇಶಕ ಅವರ ಪಕ್ಕಕ್ಕೆ ಬಂದು ಕೂತ.

"ನಾಟಕ ಮುಗೀತಮ್ಮ. ಬಸ್ಸಿಗೆ ಹೊತ್ತಾಗುತ್ತೆ."

ಅವರು ಅಲುಗಾಡಲಿಲ್ಲ.

"ಮಗ ಸಾಯೋದನ್ನ ಪ್ರತಿ ಸಲ ಹೇಗಮ್ಮ ನೋಡ್ತೀರಿ? ನ್ಯಾಯ ಸಿಗಲಿ ಅಂತ ತಾನೇ ಇಷ್ಟು ದೂರ ಬರೋದು?"

"ಅದಕ್ಕಲ್ಲಪ್ಪ," ಎಂದರು ಅವರು, ರಂಗದ ಮೇಲಿಂದ ಕಣ್ಣು ಕೀಳದೆ. "ಸತ್ತ ಮೇಲೆ ಎದ್ದು ಬರ್ತಿದ್ನಲ್ಲ, ಅದನ್ನ ನೋಡೋಕೆ."